ಕ್ವಾಂಟಮ್ ಕಂಪ್ಯೂಟರ್ ಮಾಡುವ ಅಯಾನ್‌ಕ್ಯೂ ಕಂಪನಿ ಶುರುವಾಗಿದ್ದು ಹೇಗೆ? ಅದಕ್ಕೂ ವಿಶ್ವವಿದ್ಯಾಲಯಗಳಿಗೂ ಏನು ನಂಟು?

ಇದನ್ನು ಕಟ್ಟಿದವರು ಇಬ್ಬರು ಮೇಷ್ಟ್ರುಗಳು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಸ್ಟೋಫರ್ ಮನ್ರೋ ಮತ್ತು ಡ್ಯೂಕ್ ವಿಶ್ವವಿದ್ಯಾಲಯದ ಜಂಗ್‌ಸಾಂಗ್ ಕಿಮ್. ವರ್ಷ 2015. ಮೊದಲ ಬಂಡವಾಳ 20 ಲಕ್ಷ ಡಾಲರ್.

ಆದರೆ ಬೇರು ಇನ್ನೂ ಹಿಂದಿದೆ. 1995ರಲ್ಲಿ ಅಮೆರಿಕದ ಬೌಲ್ಡರ್ ಊರಿನ ಸರ್ಕಾರಿ ಪ್ರಯೋಗಾಲಯದಲ್ಲಿ ಮನ್ರೋ, ಡೇವಿಡ್ ವೈನ್‌ಲ್ಯಾಂಡ್ ಮತ್ತು ಸಂಗಡಿಗರು ಬೆರಿಲಿಯಂ ಎಂಬ ಲೋಹದ ಒಂದೇ ಒಂದು ಅಯಾನನ್ನು ಹಿಡಿದಿಟ್ಟು, ಲೇಸರ್ ಬಿಟ್ಟು ಕ್ವಾಂಟಮ್ ಗೇಟ್ (ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಒಂದು ಮೂಲ ಹೆಜ್ಜೆ) ಮಾಡಿ ತೋರಿಸಿದ್ದರು. ವೈನ್‌ಲ್ಯಾಂಡ್‌ಗೆ 2012ರಲ್ಲಿ ನೊಬೆಲ್ ಕೂಡ ಬಂತು. ಇಲ್ಲಿ ಅಯಾನ್ ಅಂದ್ರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು. ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗೆ ವಿದ್ಯುತ್ ಬಲದಿಂದ ಅದನ್ನು ತೇಲಿಸಿ ನಿಲ್ಲಿಸುತ್ತಾರೆ. ಕಂಪನಿಯ ಹೆಸರೂ ಅಲ್ಲಿಂದಲೇ ಬಂದದ್ದು. ಆದರೆ ಕಂಪನಿಯ ಮೊದಲ ಯಂತ್ರಗಳಲ್ಲಿ ಇದ್ದದ್ದು ಬೆರಿಲಿಯಂ ಅಲ್ಲ, ಯಟರ್ಬಿಯಂ ಎಂಬ ಇನ್ನೊಂದು ಲೋಹದ ಅಯಾನು.

ಕಿಮ್ ಹಿಂದೆ ಬೆಲ್ ಲ್ಯಾಬ್ಸ್ ಎಂಬ ಉದ್ಯಮದ ಸಂಶೋಧನಾಲಯದಲ್ಲಿದ್ದವರು. ಮೇಜಿನ ತುಂಬ ಹರಡಿದ ಲೇಸರ್, ಕನ್ನಡಿಗಳನ್ನೆಲ್ಲ ಸೇರಿಸಿ, ಮಾರಾಟಕ್ಕಿಡುವಂಥ ಒಂದು ಯಂತ್ರವಾಗಿಸುವುದು ಸುಮ್ನೆ ಆಗೋ ಕೆಲಸ ಅಲ್ಲ, ಅಲ್ವಾ? ಅದಕ್ಕೇ ಈ ಜೋಡಿ ಸರಿಹೊಂದಿತು ಅಂತ ನನ್ನ ಅನಿಸಿಕೆ.

ಇನ್ನು ನಂಟು: ಸಂಶೋಧನೆಯ ಪೇಟೆಂಟ್‌ಗಳು ಎರಡೂ ವಿಶ್ವವಿದ್ಯಾಲಯಗಳವು. ಅವನ್ನು ಬಳಸುವ ಹಕ್ಕು ಕಂಪನಿಗೆ, ಬದಲಿಗೆ ಕಂಪನಿಯ ಷೇರು ವಿಶ್ವವಿದ್ಯಾಲಯಗಳಿಗೆ. 2021ರ ಅಕ್ಟೋಬರ್‌ನಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೂ ಬಂತು.