ಮೂರು ವರ್ಷದ ಮಗಳಿಗೆ ಮಲಬದ್ಧತೆ. ಔಷಧಿ ಇಲ್ಲದೆ ಮನೆಯಲ್ಲೇ ಸರಿ ಮಾಡಬಹುದಾ?

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನನಗೆ ಒಂಥರಾ ಸಂಕಟ ಆಯಿತು. ಮಗಳಿಗೆ ಮೂರು ವರ್ಷ, ಐದಾರು ದಿನಕ್ಕೊಮ್ಮೆ ಕಕ್ಕ, ಹಣ್ಣು ನೀರು ಎಲ್ಲ ಕೊಟ್ಟಾಯಿತು, ಬಾಗಿಲ ಹಿಂದೆ ನಿಂತು ತಿಣುಕುತ್ತಾಳೆ, ಔಷಧಿ ಅಭ್ಯಾಸವಾಗುತ್ತದೆ ಅಂತ ಕೊಟ್ಟಿಲ್ಲ. ಇಲ್ಲಿಯವರೆಗೆ ಎಷ್ಟೋ ಮನೆಗಳ ಕತೆ. ಆಮೇಲೆ ಬರೆದಿದ್ದೀರಿ: "ಎರಡು ದಿನದಿಂದ ಚಡ್ಡಿಯಲ್ಲಿ ತೆಳ್ಳಗೆ ಸ್ವಲ್ಪ ಸ್ವಲ್ಪ ಅಂಟಿರುತ್ತೆ, ತಾನಾಗೇ ಸಡಿಲ ಆಗ್ತಿದೆ ಅನ್ಸುತ್ತೆ, ಅಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಸಡಿಲವಾಗಿರಲಿಲ್ಲ.

ನನ್ನ ಮಗನಿಗೆ ಆಗ ಮೂರೂವರೆ. ಒಂದು ವಾರ ಜ್ವರ ಬಂದು ಊಟ ಸೇರಿರಲಿಲ್ಲ, ನೀರೂ ಅಷ್ಟಕ್ಕಷ್ಟೆ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕಲ್ಲಿನಂಥ ಕಕ್ಕ ಬಂತು. ಅವನು ಕಿರುಚಿದ್ದು ಕೇಳಿ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ತೊಳೆಯುವಾಗ ಒಂದು ಕೆಂಪು ಗೆರೆ ಕಂಡಿತು, ಚರ್ಮ ಸ್ವಲ್ಪ ಸೀಳಿತ್ತು. ಕೆಲವು ದಿನದಲ್ಲಿ ಅದು ಮಾಯಿತು. ನಾವು ಮರೆತೆವು, ಅವನು ಮರೆಯಲಿಲ್ಲ.

ಮಗುವಿನ ಲೆಕ್ಕ ನೇರ. ಮಾಡಿದರೆ ನೋವಾಗುತ್ತದೆ, ಹಾಗಾದರೆ ಮಾಡುವುದೇ ಬೇಡ. ಅವಸರ ಬಂದಾಗಲೆಲ್ಲ ತಡೆದ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು, ಒಳಗೆ ಉಳಿದಷ್ಟು ದಿನವೂ ಅದು ಹೀರುತ್ತಲೇ ಇರುತ್ತದೆ. ಐದನೇ ದಿನ ಬಂದದ್ದು ಇನ್ನೂ ಗಟ್ಟಿ, ಇನ್ನೂ ದಪ್ಪ, ಇನ್ನೂ ನೋವು. ಅಲ್ಲಿಗೆ ಅವನ ಲೆಕ್ಕ ಸರಿ ಅಂತ ಅವನಿಗೇ ಸಾಬೀತಾಯಿತು.

ನೀವು ತಿಣುಕುತ್ತಾಳೆ ಅಂತ ಬರೆದಿದ್ದೀರಲ್ಲ, ಮುಂದಿನ ಸಲ ಅವಳ ಕಾಲು ನೋಡಿ. ನನ್ನ ಮಗ ಕೋಣೆಯ ಪರದೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದ. ಹಿಮ್ಮಡಿ ನೆಲದಿಂದ ಮೇಲೆ, ಕಾಲು ಒಂದರ ಮೇಲೊಂದು, ತೊಡೆ ಬಿಗಿ, ಮುಖ ಕೆಂಪು. "ಪಾಪ, ಎಷ್ಟು ಕಷ್ಟಪಡ್ತಿದಾನೆ ನೋಡು" ಅಂತ ನಾವಿಬ್ಬರೂ ಪಕ್ಕದಲ್ಲಿ ಕೂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಹುರಿದುಂಬಿಸುತ್ತಿದ್ದೆವು. ಅವನು ಹೊರಗೆ ತಳ್ಳುತ್ತಲೇ ಇರಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒಳಗೆ ಹಿಡಿಯುತ್ತಿದ್ದ. ಹೊರಗೆ ಹಾಕುವವರು ಯಾರಾದರೂ ತುದಿಗಾಲಲ್ಲಿ ನಿಲ್ಲುತ್ತಾರಾ? ಇಷ್ಟು ಸರಳ ವಿಷಯ ನನಗೆ ಎರಡು ತಿಂಗಳು ಹೊಳೆಯಲಿಲ್ಲ.

ಮನೆಯಲ್ಲಿ ಏನೇನು ಮಾಡಿದೆವು ಅಂತ ಉದ್ದಕ್ಕೆ ಹೇಳುವುದಿಲ್ಲ, ನೀವು ಮಾಡಿದ್ದೇ. ಸೇಬು, ಪೇರ್, ಒಣಗಿಸಿದ ಪ್ಲಮ್. ಇವುಗಳಲ್ಲಿ ಸಾರ್ಬಿಟಾಲ್ ಅನ್ನುವ ಸಕ್ಕರೆಯಂಥದ್ದು ಇದೆ, ಅದು ಕರುಳಿನಲ್ಲಿ ನೀರನ್ನು ಹಿಡಿದಿಡುತ್ತದೆ, ಸ್ವಲ್ಪ ಸಹಾಯವೂ ಆಗುತ್ತದೆ. ಹಾಲು ದಿನಕ್ಕೆ ಒಂದು ಲೀಟರ್ ಹತ್ತಿರ ಕುಡಿಯುತ್ತಿದ್ದ, ಅರ್ಧಕ್ಕೆ ಇಳಿಸಿದೆವು. ಅದು ಒಳ್ಳೆಯದೇ ಆಯಿತು, ಹೊಟ್ಟೆಯಲ್ಲಿ ಊಟಕ್ಕೆ ಜಾಗವಾಯಿತು. ಒಂದು ಸಲ ಯಾರದೋ ಮಾತು ಕೇಳಿ ಮಲದ್ವಾರದಲ್ಲಿ ಸೋಪಿನ ಚೂರು ಇಡಲು ಹೋದೆ. ಅದನ್ನು ದಯವಿಟ್ಟು ಮಾಡಬೇಡಿ. ಒಳಗಿನ ಚರ್ಮ ಉರಿಯುತ್ತದೆ, ಮೊದಲೇ ಹೆದರಿದ ಮಗು ಆಮೇಲೆ ಚಡ್ಡಿ ಬಿಚ್ಚಲೂ ಬಿಡುವುದಿಲ್ಲ.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪುಡಿ ಬರೆದುಕೊಟ್ಟರು. ನೀರಿನಲ್ಲಿ ಕರಗುತ್ತದೆ, ರುಚಿ ಅಂತ ಏನೂ ಇಲ್ಲ. ದಿನಾ ಕೊಡಿ, ಎರಡು ವಾರ ಬಿಟ್ಟು ಬನ್ನಿ ಅಂದರು. ಮೂರನೇ ದಿನ ಮೆತ್ತಗೆ ಬಂತು. ಆಮೇಲೆ ದಿನಾ ಬಂತು. ನಾನು ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾ ಹೋದೆ. ಸಾಲಾಗಿ ಹದಿನಾರು ಟಿಕ್. ಎಲ್ಲ ಸರಿಹೋಯಿತಲ್ಲ, ಇನ್ನು ಯಾಕೆ ಹೋಗಬೇಕು ಅಂತ ಎರಡು ವಾರದ ಭೇಟಿಗೆ ಹೋಗಲೇ ಇಲ್ಲ.

ಹದಿನೇಳನೇ ದಿನ ಚಡ್ಡಿಯಲ್ಲಿ ಕಲೆ ಕಂಡಿತು. ತೆಳ್ಳಗೆ, ಅಂಟಂಟು, ಒಂದು ಚಮಚವೂ ಇಲ್ಲ. ಮರುದಿನ ಎರಡು ಸಲ. ನಮ್ಮಮ್ಮ ಫೋನಿನಲ್ಲಿ "ಔಷಧಿ ಜಾಸ್ತಿ ಆಗಿದೆ ಕಣೋ, ನಿಲ್ಸು" ಅಂದರು. ನನಗೂ ಅದೇ ಅನಿಸಿತ್ತು. ತೆಳ್ಳಗೆ ಬರುತ್ತಿದೆ ಅಂದರೆ ಭೇದಿ. ಭೇದಿ ಅಂದರೆ ಔಷಧಿ ಜಾಸ್ತಿ. ಹಾಗಾದರೆ ನಿಲ್ಲಿಸು. ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ. ನಿಲ್ಲಿಸಿದೆ. ಡಾಕ್ಟರಿಗೆ ಒಂದು ಫೋನ್ ಕೂಡ ಮಾಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ನಿಂತಿರುವುದೂ ಇದೇ ಜಾಗದಲ್ಲಿ. ಮೋರಿಗೆ ಒಂದು ಕಲ್ಲು ಅಡ್ಡ ಬಿದ್ದಿದೆ ಅಂದುಕೊಳ್ಳಿ. ನೀರು ನಿಲ್ಲುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಕಲ್ಲಿನ ಅಕ್ಕಪಕ್ಕದ ಸಂದಿಯಲ್ಲಿ ಸೋರುತ್ತದೆ. ಆಚೆ ಕಡೆ ನಿಂತವನಿಗೆ ಕಾಣುವುದು ಹರಿಯುವ ನೀರು ಮಾತ್ರ. ಮಗುವಿನ ಕರುಳಿನ ಕೊನೆಯಲ್ಲಿ ಹಳೆಯ ಗಟ್ಟಿ ಮಲ ಉಂಡೆಯಾಗಿ ಕೂತಿರುತ್ತದೆ. ಮೇಲಿನಿಂದ ಬರುವ ತೆಳ್ಳನೆಯದು ಅದರ ಪಕ್ಕದಲ್ಲಿ ನುಸುಳಿ ಚಡ್ಡಿಗೆ ಬರುತ್ತದೆ. ನೋಡಲು ಭೇದಿ, ನಿಜದಲ್ಲಿ ಮಲಬದ್ಧತೆಯ ತುತ್ತತುದಿ. ನಾನು ಹಾಕಿದ ಹದಿನಾರು ಟಿಕ್‌ಗಳೂ ಸುಳ್ಳಲ್ಲ. ದಿನಾ ಸ್ವಲ್ಪ ಬರುತ್ತಿತ್ತು. ಎಷ್ಟು ಬಂತು ಅಂತ ನಾನು ನೋಡಿರಲಿಲ್ಲ, ಬಂತಾ ಅಂತ ಮಾತ್ರ ನೋಡಿದ್ದೆ. ದೊಡ್ಡ ಉಂಡೆ ಒಂದು ದಿನವೂ ಹೊರಗೆ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಔಷಧಿ ಜಾಸ್ತಿ ಬೇಕಿತ್ತು. ನಾನು ಇದ್ದದ್ದನ್ನೂ ಕಿತ್ತುಕೊಂಡೆ. ಸಾಲದ್ದಕ್ಕೆ ಭೇದಿ ನಿಲ್ಲಲಿ ಅಂತ ಹಣ್ಣನ್ನೂ ಬಿಡಿಸಿದೆ.

ಇಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ನಾನು ಬೈದೆ. "ಇಷ್ಟು ದೊಡ್ಡವನಾಗಿ ಚಡ್ಡಿಯಲ್ಲೇ ಮಾಡ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ?" ಅವನು "ನಾನು ಮಾಡಿಲ್ಲ ಅಪ್ಪ" ಅಂದ. ಸುಳ್ಳು ಹೇಳುತ್ತಾನೆ ಅಂತ ಇನ್ನೊಂದು ಸಲ ಬೈದೆ. ಒಂದು ದಿನ ಬಟ್ಟೆ ಒಗೆಯುವ ಮೆಷಿನ್ ಹಿಂದಿನಿಂದ ವಾಸನೆ ಬಂತು. ಎಳೆದು ನೋಡಿದರೆ ಮೂರು ಚಡ್ಡಿಗಳನ್ನು ಉಂಡೆ ಮಾಡಿ ನನ್ನದೇ ಒಂದು ಸಾಕ್ಸಿನಲ್ಲಿ ತುರುಕಿ ಬಚ್ಚಿಟ್ಟಿದ್ದ. ಮೂರೂವರೆ ವರ್ಷದ ಮಗು. ಅವತ್ತು ರಾತ್ರಿಯಿಂದ ಹಾಸಿಗೆಯಲ್ಲಿ ಉಚ್ಚೆಯೂ ಶುರುವಾಯಿತು. ಅದು ಹೆದರಿಕೆಗೆ ಅಂತ ಅಂದುಕೊಂಡೆ. ತುಂಬಿ ಉಬ್ಬಿದ ಕರುಳು ಪಕ್ಕದ ಮೂತ್ರಚೀಲವನ್ನೂ ಒತ್ತುತ್ತದೆ ಅಂತ ಆಮೇಲೆ ತಿಳಿಯಿತು.

ಔಷಧಿ ನಿಲ್ಲಿಸಿ ಹನ್ನೆರಡು ದಿನ ಆದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ನಾನು "ಭೇದಿ ನಿಲ್ತಾ ಇಲ್ಲ ಮೇಡಂ" ಅಂದೆ. ಅವರು ಹೊಟ್ಟೆ ಒತ್ತಿ ನೋಡಿದರು. ನನ್ನ ಕೈ ಹಿಡಿದು ಮಗನ ಹೊಕ್ಕುಳ ಕೆಳಗೆ, ಎಡಗಡೆ ಇಟ್ಟು "ಇಲ್ಲಿ ಮೆಲ್ಲಗೆ ಒತ್ತಿ" ಅಂದರು. ಗಟ್ಟಿಯಾಗಿ, ಉದ್ದಕ್ಕೆ ಏನೋ ಸಿಕ್ಕಿತು. "ಇದು ಭೇದಿ ಅಲ್ಲ. ತುಂಬಿ ಸೋರ್ತಾ ಇರೋದು. ಅವನಿಗೆ ಬಂದಿದ್ದೂ ಗೊತ್ತಾಗಲ್ಲ, ಬೈಬೇಡಿ." ಬೈಬೇಡಿ ಅಂತ ಅವರೇ ಯಾಕೆ ಹೇಳಿದರು ಅಂತ ನಾನು ಕೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತದೆ ಅನಿಸುತ್ತದೆ.

ಗೊತ್ತಾಗದೇ ಇರುವುದಕ್ಕೆ ಕಾರಣ ಇದೆ. ತಿಂಗಳುಗಟ್ಟಲೆ ತುಂಬಿಕೊಂಡಿದ್ದ ಕರುಳು ಹಿಗ್ಗಿರುತ್ತದೆ, ಹಳೆಯ ಚಡ್ಡಿಯ ಇಲಾಸ್ಟಿಕ್ ಥರ. ಸ್ವಲ್ಪ ಮಲ ಬಂದು ಕೂತರೆ "ಬಂತು, ಹೋಗು" ಅಂತ ಹೇಳಬೇಕಾದದ್ದು ಹೇಳುವುದೇ ಇಲ್ಲ. ಅದು ಮತ್ತೆ ಬಿಗಿಯಾಗಿ ಮೊದಲಿನಂತಾಗಲು ತಿಂಗಳುಗಳು ಬೇಕು. ಅಷ್ಟು ದಿನವೂ ಕರುಳು ಖಾಲಿ ಇರಬೇಕು. ದೀರ್ಘ ಕಾಲ ಔಷಧಿ ಕೊಡುವುದು ಇದಕ್ಕೇ.

ಹಾಗಾಗಿ "ಔಷಧಿ ಇಲ್ಲದೆ" ಅನ್ನುವ ನಿಮ್ಮ ಷರತ್ತನ್ನೇ ನಾನು ಒಪ್ಪುವುದಿಲ್ಲ. ಆ ಪುಡಿ ಕರುಳನ್ನು ಕೆರಳಿಸಿ ಓಡಿಸುವುದಿಲ್ಲ. ನೀರನ್ನು ಹಿಡಿದಿಟ್ಟು ಮಲ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಅದರಿಂದ ಕರುಳಿಗೆ ಚಟ ಹತ್ತುವುದಿಲ್ಲ. ಚಟ ಹತ್ತುವುದು ಕಕ್ಕ ತಡೆದಿಡುವುದಕ್ಕೆ, ಅದು ನಿಮ್ಮ ಮಗಳಿಗೆ ಆಗಲೇ ಹತ್ತಿದೆ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಸೇರಿ ಹೊರತಂದ ಮಾರ್ಗಸೂಚಿಯನ್ನು ನಾನು ತಡವಾಗಿ ಓದಿದೆ. ಕನಿಷ್ಠ 2 ತಿಂಗಳು ಔಷಧಿ, ತೊಂದರೆ ಎಲ್ಲ ಹೋಗಿ 1 ತಿಂಗಳಾದರೂ ಆದ ಮೇಲೆ ನಿಧಾನವಾಗಿ ಇಳಿಸಬೇಕು ಅಂತ ಅದರಲ್ಲಿದೆ. ನಾನು ಮೂರು ವಾರವೂ ಆಗುವ ಮೊದಲೇ ನಿಲ್ಲಿಸಿದ್ದೆ. ನಾರು, ನೀರು ವಯಸ್ಸಿಗೆ ತಕ್ಕಷ್ಟು ಕೊಡಿ, ಅದಕ್ಕಿಂತ ಜಾಸ್ತಿ ಸುರಿದರೆ ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತಲೂ ಇದೆ. ಉಂಡೆ ಕಟ್ಟಿದ ಮೇಲೆ ಬರೀ ಹಣ್ಣಿನಿಂದ ಅದು ಹೋಗುವುದಿಲ್ಲ. ಬೇಡದ ಹಣ್ಣನ್ನು ತುರುಕಿ ಊಟದ ಹೊತ್ತನ್ನೂ ಜಗಳ ಮಾಡಿಕೊಳ್ಳಬೇಡಿ.

ಆದರೆ ಪ್ರಮಾಣ ನನ್ನನ್ನು ಕೇಳಬೇಡಿ, ಅಂಗಡಿಯವರನ್ನೂ ಕೇಳಬೇಡಿ. ಉಂಡೆ ತೆಗೆಯುವ ಪ್ರಮಾಣ ಬೇರೆ, ಆಮೇಲೆ ದಿನಾ ಕೊಡುವುದು ಬೇರೆ, ಎರಡೂ ಮಗುವಿನ ತೂಕದ ಮೇಲೆ. ಈ ವಾರವೇ ಹೋಗಿ, ಕಲೆಯ ವಿಷಯ ಮೊದಲ ವಾಕ್ಯದಲ್ಲೇ ಹೇಳಿ. ನಿಮ್ಮಷ್ಟಕ್ಕೆ ಎನಿಮಾ ತಂದು ಹಾಕುವುದಂತೂ ಬೇಡ. ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಜ್ವರ ಬಂದರೆ, ರಕ್ತ ಜಾಸ್ತಿ ಕಂಡರೆ, ಕಾಲಿನಲ್ಲಿ ಬಲ ಕಡಿಮೆ ಅನಿಸಿದರೆ ಈ ವಾರ ಅಂತಲೂ ಕಾಯಬೇಡಿ, ಅವತ್ತೇ ಹೋಗಿ. ತೂಕ ಏರದಿದ್ದರೆ, ಹುಟ್ಟಿದ ಮೊದಲ ತಿಂಗಳಿಂದಲೇ ಈ ತೊಂದರೆ ಇದ್ದರೆ ಅದನ್ನೂ ಹೇಳಿ.

ಮನೆಯಲ್ಲಿ ಮಾಡುವುದು ಬೇರೆ ಇದೆ, ಬಾಯಿಗೆ ಹಾಕುವುದಕ್ಕಿಂತ ಕೂರಿಸುವುದರಲ್ಲಿ. ಊಟ ಹೊಟ್ಟೆಗೆ ಬಿದ್ದರೆ ದೊಡ್ಡ ಕರುಳು ತಾನಾಗಿ ಅಲುಗುತ್ತದೆ. ಆ ಹೊತ್ತಿಗೆ ಐದು ನಿಮಿಷ ಕೂರಿಸಿ. ನಮ್ಮ ಕಮೋಡಿನ ಮೇಲೆ ಅವನ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು, ಎರಡೂ ಕೈಯಲ್ಲಿ ಅಂಚು ಹಿಡಿದು ಬೀಳದಂತೆ ಕೂತವನಿಗೆ ತೊಡೆ ಸಡಿಲ ಬಿಡಲು ಎಲ್ಲಿಂದ ಬರಬೇಕು? ಒಂದು ಗಿಡ್ಡ ಸ್ಟೂಲ್ ಇಟ್ಟೆವು. ಪಾದ ಊರಿತು, ಮೊಣಕಾಲು ಸೊಂಟಕ್ಕಿಂತ ಮೇಲೆ ಬಂತು. ಕೈಗೆ ಸೋಪಿನ ಗುಳ್ಳೆ ಊದುವ ಡಬ್ಬಿ ಕೊಟ್ಟೆವು. ಊದುವಾಗ ಹೊಟ್ಟೆ ತಾನೇ ಒತ್ತುತ್ತದೆ, ತಡೆಯಲು ಮರೆತುಹೋಗುತ್ತದೆ. ಸ್ಟಿಕ್ಕರ್ ಕೊಟ್ಟಿದ್ದು ಕೂತಿದ್ದಕ್ಕೆ, ಬಂದಿದ್ದಕ್ಕಲ್ಲ. ಕೂರುವುದು ಅವನ ಕೈಯಲ್ಲಿತ್ತು, ಬರುವುದು ಇರಲಿಲ್ಲ.

ಡಾಕ್ಟರು ಹೇಳಿದಂತೆ ಜಾಸ್ತಿ ಔಷಧಿ ಕೊಟ್ಟ ಮೊದಲ ದಿನಗಳಲ್ಲಿ ಕಲೆ ಇನ್ನೂ ಹೆಚ್ಚಾಯಿತು. ಈ ಸಲ ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಹಾಗಾಗಿ ನಿಲ್ಲಿಸಲಿಲ್ಲ. ನಾಲ್ಕನೇ ದಿನ ಉಂಡೆ ಬಂತು. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟೊಂದು ಎಲ್ಲಿತ್ತೋ! ಅವನೂ ಬಗ್ಗಿ ನೋಡಿ "ಇದು ನಂದಾ?" ಅಂದ. ಆಮೇಲೆ ಎಂಟು ತಿಂಗಳು ಪುಡಿ, ಇಳಿಸುತ್ತಾ ಇಳಿಸುತ್ತಾ ನಿಂತಿತು. ಹಾಸಿಗೆ ಒದ್ದೆಯಾಗುವುದು ಅದಕ್ಕೂ ಬಹಳ ಮೊದಲೇ ನಿಂತಿತ್ತು. ಚಡ್ಡಿ ಬಚ್ಚಿಡುವುದು ನಿಲ್ಲಲು ಇನ್ನಷ್ಟು ದಿನ ಹಿಡಿಯಿತು. ಕಲೆ ಕಂಡಾಗ ನಾನು ಮುಖದಲ್ಲಿ ಏನೂ ತೋರಿಸದೆ ಇನ್ನೊಂದು ಚಡ್ಡಿ ಕೊಡುವುದನ್ನು ಕಲಿಯುವವರೆಗೆ.

ಟಾಯ್ಲೆಟ್ ಬಾಗಿಲಿಗೆ ಬ್ರಿಸ್ಟಲ್ ಚಾರ್ಟ್ ಅಂಟಿಸಿದ್ದೆವು. ಮಲದ ಏಳು ಬಗೆಯ ಚಿತ್ರ ಇರುತ್ತದೆ, ಒಂದು ಅಂದರೆ ಬೀಜದಂಥ ಗಟ್ಟಿ ಉಂಡೆಗಳು, ಏಳು ಅಂದರೆ ಬರೀ ನೀರು, ನಾಲ್ಕು ಅಂದರೆ ನುಣುಪಾಗಿ ಮೆತ್ತಗೆ. ಅವನಿಗೆ ಅದು ಆಟವಾಯಿತು. ಈಗ ಅವನಿಗೆ ಏಳು ವರ್ಷ, ಚಾರ್ಟ್ ತೆಗೆದು ಎರಡು ವರ್ಷ ಆಯಿತು. ಆದರೂ ಮನೆಗೆ ಯಾರಾದರೂ ಬಂದಿರುವಾಗಲೇ ಒಳಗಿನಿಂದ ಕೂಗುತ್ತಾನೆ, "ಅಪ್ಪಾ, ನಾಲ್ಕು!"