ಪದ ಬಾಯಿಪಾಠ ಆಗಿದೆ, ಪರೀಕ್ಷೆಯಲ್ಲಿ ಕೈ ಕೊಡುತ್ತದೆ!

ಈ ಸಲದ ಪತ್ರಗಳೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದಿವೆ. ವಿಷಯವೂ ಒಂದೇ, ಇಂಗ್ಲಿಷಿನ ಕಷ್ಟದ ಪದಗಳು.

ಮೇಡಂ, ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ, ಅಂದರೆ ಡಿಗ್ರಿ ಆದವರಿಗೆ ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯುವ ಪರೀಕ್ಷೆಗೆ ಓದುತ್ತಿದ್ದೇನೆ. ದಿನಾ ಐವತ್ತು ಪದ ಅರ್ಥದ ಸಮೇತ ಬಾಯಿಪಾಠ ಮಾಡುತ್ತೇನೆ. ವಾರದೊಳಗೆ ಅರ್ಧ ಮಾಯ. ಟೆಸ್ಟ್‌ನಲ್ಲಿ ನಾಲ್ಕೂ ಆಪ್ಷನ್ ಎಲ್ಲೋ ನೋಡಿದ ಹಾಗೇ ಇರುತ್ತವೆ, ಟಿಕ್ ಮಾಡಿದ್ದು ಮಾತ್ರ ತಪ್ಪು. ನನಗೆ ನೆನಪಿನ ಶಕ್ತಿನೇ ಇಲ್ವಾ?
– ವಿದ್ಯಾನಗರ, ದಾವಣಗೆರೆ

ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಐವತ್ತು ಜಾಸ್ತಿ ಆಯಿತು, ಅಷ್ಟೇ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಶುರುವಿನಲ್ಲೇ ಜೋರು, ಆಮೇಲೆ ನಿಧಾನ. ವಾಕ್ಯವೇ ಇಲ್ಲದ ಪದಪಟ್ಟಿ ನಿಮಗೂ ಹೆಚ್ಚುಕಡಿಮೆ ಅರ್ಥವಿಲ್ಲದ ಅಕ್ಷರಗುಂಪೇ ಅಲ್ವಾ? ಹಾಗಾಗಿ ಇವತ್ತು ಓದಿದ್ದನ್ನು ನಾಳೆ ನೋಡಬೇಕು, ಮತ್ತೆ ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು.

ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿ ಲೆಕ್ಕ ಚೆನ್ನಾಗಿದೆ. ಮನೆಯಲ್ಲಿ ಹಳೆ ಲಗ್ನಪತ್ರಿಕೆ ಬಿದ್ದಿರುತ್ತವಲ್ಲ, ಅವನ್ನೇ ಕಾರ್ಡುಗಳಾಗಿ ಕತ್ತರಿಸಿ. ಒಂದು ಬದಿಗೆ ಪದ ಬಿಟ್ಟು ಖಾಲಿ ಜಾಗ ಇಟ್ಟ ವಾಕ್ಯ, ಇನ್ನೊಂದು ಬದಿಗೆ ಪದ ಮತ್ತು ಅರ್ಥ. ಮೊದಲ ಡಬ್ಬಿಯನ್ನು ದಿನಾ ನೋಡಿ. ಸರಿ ಹೇಳಿದ ಕಾರ್ಡು ಎರಡನೆಯದಕ್ಕೆ ಹೋಗುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ ತೆಗೆಯಿರಿ. ಅಲ್ಲೂ ಸರಿ ಹೇಳಿದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲೇ ತಪ್ಪಿದರೂ ಸೀದಾ ಮೊದಲ ಡಬ್ಬಿಗೆ ವಾಪಸ್. ಮೊಬೈಲ್‌ನಲ್ಲೇ ಬೇಕು ಎಂದರೆ ಆಂಕಿ ಎಂಬ ಆ್ಯಪ್ ಇಂಥದ್ದೇ ಕೆಲಸ ಮಾಡುತ್ತದೆ, ಆದರೆ ಮೊಬೈಲ್ ಕೈಗೆ ತೆಗೆದುಕೊಂಡಮೇಲೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಆ 'ನೋಡಿದ ಹಾಗೇ ಇರುವ' ಆಪ್ಷನ್‌ಗಳು. ಅಕಾರಾದಿಯಾಗಿ ಓದುವವರಿಗೆ ಬರುವ ಕಾಯಿಲೆ ಇದು. ಪಟ್ಟಿಯಲ್ಲಿ 'ಮಿಟಿಗೇಟ್', 'ಮಿಲಿಟೇಟ್' ಹತ್ತಿರಹತ್ತಿರ ಇರುತ್ತವೆ, ಒಟ್ಟಿಗೆ ಕಲಿತರೆ ತಲೆಯಲ್ಲಿ ಕಲಸಿಹೋಗುತ್ತವೆ. ಮೊದಲನೆಯದಕ್ಕೆ ಲ್ಯಾಟಿನ್ನಿನ 'ಮೆದು' ಎಂಬ ಪದ ಮೂಲ: ತೀವ್ರತೆ ತಗ್ಗಿಸುವುದು. ಎರಡನೆಯದು ಸೈನಿಕ ಎಂಬ ಪದದಿಂದ ಬಂದದ್ದು: ವಿರುದ್ಧವಾಗಿ ಕೆಲಸ ಮಾಡುವುದು, ಅದರ ಬೆನ್ನಿಗೆ 'ಅಗೇನ್ಸ್ಟ್' ಬರುತ್ತದೆ. ಇಂಥ ಜೋಡಿಗಳನ್ನು ಬೇರೆಬೇರೆ ವಾರ ಕಲಿಯಿರಿ. ಮಿಟಿಗೇಟ್ ಎಂದರೆ 'ಕಡಿಮೆ ಮಾಡು' ಎಂದಷ್ಟೇ ಬರೆದುಕೊಂಡವರು 'ಮಿಟಿಗೇಟ್ ದ ಪ್ರೈಸ್' ಎಂದು ಬರೆಯುತ್ತಾರೆ. ಬೆಲೆಗೆ ಆ ಪದ ಹೊಂದಲ್ಲ. ರಿಸ್ಕ್, ಬರದ ಪರಿಣಾಮ, ನೋವು, ಇಂಥವಕ್ಕೆ ಹೊಂದುತ್ತದೆ.

ನಿಮ್ಮ ಪರೀಕ್ಷೆಯ ಮೊದಲ ಹಂತವಾದ ಟೈರ್ 1ರಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, ತಲಾ 2 ಅಂಕ, ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಅರೆಬರೆ ಗೊತ್ತಿರುವ ಐವತ್ತು ಪದ ಅಲ್ಲಿ ನಷ್ಟವನ್ನೇ ತರಬಹುದು. ದಿನಕ್ಕೆ ಹತ್ತು ಸಾಕು, ಅದೂ ಹಳೆ ಪ್ರಶ್ನೆಪತ್ರಿಕೆಗಳಿಂದ ಆರಿಸಿದ್ದು.

ನಾನು ಕನ್ನಡ ಮೀಡಿಯಂ, ಈಗ ಬಿ.ಎ. ಗ್ರೂಪ್ ಡಿಸ್ಕಷನ್‌ನಲ್ಲಿ ದೊಡ್ಡ ದೊಡ್ಡ ಪದ ಬಳಸಿದರೆ ತೂಕ ಬರುತ್ತದೆ ಎನ್ನುತ್ತಾರೆ ಗೆಳೆಯರು. ಯಾವ ಪದದಿಂದ ಶುರು ಮಾಡಲಿ?
– ಚಿತ್ರದುರ್ಗ

ದೊಡ್ಡ ಪದದಿಂದ ಬೇಡ. ನ್ಯೂಜಿಲೆಂಡಿನ ಎವ್ರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ ಎಲ್ಲ ವಿಷಯದ ಪಠ್ಯಗಳಲ್ಲೂ ಮತ್ತೆಮತ್ತೆ ಬರುವ 570 ಪದಕುಟುಂಬಗಳ (ಒಂದೇ ಮೂಲಪದದಿಂದ ಬಂದ ಪದಗಳ ಗುಂಪು) ಪಟ್ಟಿಯನ್ನು 2000ದಲ್ಲಿ ಪ್ರಕಟಿಸಿದರು. ಅಕಾಡೆಮಿಕ್ ವರ್ಡ್ ಲಿಸ್ಟ್ ಎಂದು ಹುಡುಕಿದರೆ ಪುಕ್ಕಟೆ ಸಿಗುತ್ತದೆ. ಅನಲೈಸ್, ಸಿಗ್ನಿಫಿಕೆಂಟ್, ಕಾನ್ಸಿಕ್ವೆನ್ಸ್... ನೋಡಲು ಸಪ್ಪೆ. ಆದರೆ ಓದುವಾಗ ತಡೆಯುವುದು ಇವೇ.

ಆಮೇಲೆ ನಿಮಗೆ ಮೊದಲೇ ಗೊತ್ತಿರುವ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ನಿಮ್ಮ ಜಿಲ್ಲೆಯ ವಾಣಿ ವಿಲಾಸ ಸಾಗರ ಜಲಾಶಯ 2022ರಲ್ಲಿ ಕೋಡಿ ಬಿತ್ತು, ಅದಕ್ಕೆ ಮೊದಲು ಬಿದ್ದದ್ದು 1933ರಲ್ಲಿ. ಈ ಸುದ್ದಿಗೆ 'ಅನ್‌ಪ್ರೆಸಿಡೆಂಟೆಡ್' ಎಂಬ ಪದ ಹಾಕಬಹುದಾ? ಆಗಲ್ಲ. ಅದರ ಅರ್ಥ ಹಿಂದೆಂದೂ ಆಗಿರದ್ದು, 1933ರಲ್ಲಿ ಆಗಿದೆಯಲ್ಲ! 'ರೇರ್' ಸಾಕು. ಕಂಠಮಟ್ಟ ತುಂಬಿದ್ದಕ್ಕೆ 'ಬ್ರಿಮ್ಮಿಂಗ್'. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಿರುಕುಬಿಟ್ಟ ನೆಲಕ್ಕೆ 'ಪಾರ್ಚ್ಡ್', ಒಣಗಿದ ಗಂಟಲಿಗೂ ಅದೇ ಪದ ನಡೆಯುತ್ತದೆ. ಮಳೆ ಕಡಿಮೆಯಿರುವ ಸೀಮೆಗೆ 'ಏರಿಡ್', ಅದನ್ನು ಮಾತ್ರ ಗಂಟಲಿಗೆ ಹಾಕಬೇಡಿ. ಕನ್ನಡದಲ್ಲೂ ಹೀಗೇ ಅಲ್ವಾ, ಕೆರೆ ಕೋಡಿ ಬೀಳುತ್ತದೆ, ಬಿಂದಿಗೆ ತುಂಬಿ ಚೆಲ್ಲುತ್ತದೆ, ಯಾರೂ ಕೂರಿಸಿ ಪಾಠ ಹೇಳದೆ ಕೇಳಿಕೇಳಿಯೇ ಬಂದದ್ದು.

ಗ್ರೂಪ್ ಡಿಸ್ಕಷನ್‌ಗೆ 'ಯುಬಿಕ್ವಿಟಸ್' ಬೇಕೇಬೇಕು ಅಂದರೆ ಕಲಿಯಿರಿ, ಬೇಡ ಅನ್ನಲ್ಲ. ಎಲ್ಲೆಲ್ಲೂ ಕಾಣುವಂಥದ್ದು ಎಂದರ್ಥ. ನಿಮ್ಮೂರ ಸುತ್ತ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳನ್ನು ನೋಡಿದಾಗಲೆಲ್ಲ ಒಮ್ಮೆ ಹೇಳಿಕೊಳ್ಳಿ.

ಮಗ ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಪದಗಳಿಗೆ ಕನ್ನಡ ಅರ್ಥ ಹೇಳಿಕೊಡಬೇಡಿ, ಇಂಗ್ಲಿಷಿನಲ್ಲೇ ಯೋಚಿಸಲಿ ಎಂದು ಟೀಚರ್ ಹೇಳಿದ್ದಾರೆ. ನಿಲ್ಲಿಸಲೇ?
– ತಾಯಿ, ಚಳ್ಳಕೆರೆ

ನಿಲ್ಲಿಸಬೇಡಿ ಅಕ್ಕಾ. ಗೊತ್ತಿರುವ ಭಾಷೆಯಲ್ಲಿ ಅರ್ಥ ಸಿಕ್ಕರೆ ಬೇಗ ಹತ್ತುತ್ತದೆ. ತೊಂದರೆ ಇರುವುದು ಒಂದೇ ಒಂದು ಕನ್ನಡ ಪದಕ್ಕೆ ನಿಂತುಬಿಡುವುದರಲ್ಲಿ. 'ಹೆಸರುವಾಸಿ' ಎಂದು ಕಲಿತ ಹುಡುಗ ತನ್ನ ಮೇಷ್ಟ್ರನ್ನೇ 'ನೊಟೋರಿಯಸ್' ಅಂದುಬಿಟ್ಟಾನು! ಅದು ಕೆಟ್ಟದ್ದಕ್ಕೆ ಹೆಸರಾದವರಿಗೆ. 'ಚೈಲ್ಡಿಶ್' ಬೈಗುಳ, 'ಚೈಲ್ಡ್‌ಲೈಕ್' ಮೆಚ್ಚುಗೆ. 'ಸ್ಟಬರ್ನ್' ಯಾರು, 'ಪರ್ಸಿಸ್ಟೆಂಟ್' ಯಾರು ಅಂತ ಮನೆಯವರನ್ನೇ ತೋರಿಸಿ ಹೇಳಲಿ. ಒಬ್ಬರು ಹಟಮಾರಿ, ಇನ್ನೊಬ್ಬರು ಪಟ್ಟು ಬಿಡದವರು. ಜಗಳ ಆದರೆ ನನ್ನನ್ನು ಬೈಯಬೇಡಿ.

ಲ್ಯಾಟಿನ್, ಗ್ರೀಕ್ ಬೇರು ಕಲಿತರೆ ಸಾವಿರಾರು ಪದ ತಾನಾಗೇ ಬರುತ್ತವಂತೆ, ನಿಜಾನಾ?
– ಹರಿಹರ

ಸ್ವಲ್ಪ ನಿಜ. 'ಪ್ರೊಕ್ರಾಸ್ಟಿನೇಟ್' ಒಳಗಿನ 'ಕ್ರಾಸ್' ಲ್ಯಾಟಿನ್ನಿನಲ್ಲಿ ನಾಳೆ. ಬಾಗಿಲ ಮೇಲೆ 'ನಾಳೆ ಬಾ' ಬರೆಯುವ ನಾಡಿನವರಿಗೆ ಈ ಪದ ಮರೆತುಹೋಗುವುದುಂಟೇ? ಆದರೆ 'ಮೆಟಿಕ್ಯುಲಸ್' ನೋಡಿ. ಅದರ ಬೇರು ಭಯ, ಈಗಿನ ಅರ್ಥ ಸಣ್ಣ ವಿವರವನ್ನೂ ಬಿಡದ ಅಚ್ಚುಕಟ್ಟು. ಬೇರು ನಂಬಿ ಉತ್ತರ ಬರೆದರೆ ಅಂಕ ಹೋಯಿತು. ಅರ್ಥ ತಿಳಿದಮೇಲೆ ನೆನಪಿಗೆ ಬೇರು ಇರಲಿ, ಅರ್ಥ ಊಹಿಸಲು ಬೇಡ.

ಸಿನಿಮಾ ನೋಡಿದರೆ ಪದ ಬರುತ್ತವಾ?
– ಹಿರಿಯೂರು

ಇಂಗ್ಲಿಷ್ ಸಬ್‌ಟೈಟಲ್ ಇಟ್ಟು ನೋಡಿದರೆ ಅಷ್ಟಿಷ್ಟು. ಕನ್ನಡದ್ದು ಇಟ್ಟರೆ ಕಥೆ ಗೊತ್ತಾಗುತ್ತದೆ.

ಇಂಟರ್‌ವ್ಯೂನಲ್ಲಿ 'ಎಪಿಟೋಮ್' ಅಂದೆ, ಎದುರಿನವರು ನಕ್ಕರು. ಏನು ತಪ್ಪು?
– ದಾವಣಗೆರೆ

ಅದು 'ಇಪಿಟಮಿ', ಒತ್ತು 'ಪಿ' ಮೇಲೆ. ಒಂದು ಗುಣಕ್ಕೆ ಅಪ್ಪಟ ಮಾದರಿ ಎಂದರ್ಥ. 'ಸಟಲ್' ಪದದ ಬರವಣಿಗೆಯಲ್ಲಿ ಬಿ ಇದೆ, ಬಾಯಲ್ಲಿ ಬರಬಾರದು. ನಕ್ಕವರದ್ದೂ ದೊಡ್ಡತನವೇನಲ್ಲ ಬಿಡಿ, ಓದಿಯೇ ಪದ ಕಲಿತವರೆಲ್ಲರಿಗೂ ಹೀಗೆ ಆಗುತ್ತದೆ. ಆನ್‌ಲೈನ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಕಾರ್ಡಿನ ಮೂಲೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ. 'ವಿ' ಮತ್ತು 'ಡಬ್ಲ್ಯು' ವ್ಯತ್ಯಾಸ ಮಾತ್ರ ನಮ್ಮ ಲಿಪಿಗೆ ಸಿಗುವುದಿಲ್ಲ, ಅದನ್ನು ಕೇಳಿಯೇ ಹಿಡಿಯಬೇಕು.