ಉಪಗ್ರಹದ ಚಿಪ್‌ನಲ್ಲಿ ಒಂದೇ ಲೆಕ್ಕವನ್ನು ಮೂರು ಕಡೆ ಯಾಕೆ ಮಾಡಿಸುತ್ತಾರೆ?

ಒಂದು ಕಡೆ ತಪ್ಪಾದರೂ ಉಳಿದೆರಡರ ಉತ್ತರ ಗೆಲ್ಲಲಿ ಅಂತ. ಬಾಹ್ಯಾಕಾಶದ ಪ್ರೋಟಾನ್‌ನಂಥ ಕಣ ಚಿಪ್‌ನೊಳಗೆ ಹಾದು ಹೋಗುವಾಗ ಸ್ವಲ್ಪ ಚಾರ್ಜ್ ಬಿಟ್ಟು ಹೋಗುತ್ತದೆ, ಅಷ್ಟಕ್ಕೇ 0 ಇದ್ದ ಬಿಟ್ (ಚಿಪ್ ಲೆಕ್ಕಕ್ಕೆ ಬಳಸುವ 0 ಅಥವಾ 1 ಎಂಬ ಅಂಕಿ) 1 ಆಗಿಬಿಡಬಹುದು. ಚಿಪ್ ಸುಟ್ಟಿರುವುದಿಲ್ಲ, ಲೆಕ್ಕ ಮಾತ್ರ ಕೆಟ್ಟಿರುತ್ತದೆ. ನೆಲದ ಮೇಲೂ ಹೀಗಾಗಬಹುದು: 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಕಂಪ್ಯೂಟರ್ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಜಾಸ್ತಿ ಬಂದಿತ್ತು, 12 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು; ಕಂಪ್ಯೂಟರ್‌ನ ಸಂಖ್ಯೆಯಲ್ಲಿ ಒಂದೊಂದು ಬಿಟ್‌ನ ಬೆಲೆ ಹಿಂದಿನದರ ಎರಡರಷ್ಟು, ಅಂದರೆ ಇದು ಒಂದೇ ಒಂದು ಬಿಟ್ ತಿರುಗಿದ ಗುರುತು (ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬರುವ ಇಂಥ ಕಣಗಳು, ಕಾರಣ ಅನ್ನುವುದು ಊಹೆ).

ಎರಡೇ ಪ್ರತಿ ಸಾಲದಾ? ಉತ್ತರ ಬೇರೆ ಬಂದಿದೆ ಅಂತ ತಿಳಿಯುತ್ತದೆ, ಯಾವುದು ಸರಿ ಅಂತ ತಿಳಿಯುವುದಿಲ್ಲ, ಅಲ್ವಾ? ಮೂರಿದ್ದರೆ ಒಂದು ಸಣ್ಣ ಸರ್ಕ್ಯೂಟ್ ಬಹುಮತ ನೋಡಿ ಆರಿಸುತ್ತದೆ. ಆದರೆ ಕೆಟ್ಟ ಪ್ರತಿಯನ್ನು ಬೇಗ ಸರಿಪಡಿಸಲೇಬೇಕು, ಇಲ್ಲದಿದ್ದರೆ ಎರಡನೇ ಏಟಿಗೆ ತಪ್ಪಿಗೇ ಬಹುಮತ ಬಂದುಬಿಡಬಹುದು.